ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅದೂ ಅರ್ಧ ಬಿದ್ದಿದೆ. ಆ ಕಡೆ ಒಲೆ ಮೇಲೆ ಏನು ಕುದೀತಿದೆ ಅಂತ ಈ ಕಡೆ ಗೊತ್ತಾಗುತ್ತೆ, ಹೊಟ್ಟೆಯೊಳಗೆ ಏನು ಕುದೀತಿದೆ ಅಂತಾನೂ ಗೊತ್ತಾಗುತ್ತೆ. ಅದಕ್ಕೇ ಹೇಳ್ತಿದೀನಿ. ಸ್ವಲ್ಪ ಹತ್ತಿರ ಸರಕೊಂಡು ಕೂತ್ಕೊಳ್ಳಿ. ಜೋರಾಗಿ ಆಡೋ ಮಾತಲ್ಲ ಇದು.

ದಿಬ್ಬೂರಹಳ್ಳಿಯಿಂದ ಒಳಕ್ಕೆ ಬಂದರೆ ಕೆರೆ ಕೆಳಗಿನ ಊರು ನಮ್ಮದು. ಪಕ್ಕದ ಮನೆ ವೆಂಕಟರಾಮಪ್ಪನ ಮಗಳು ಭಾನುಪ್ರಿಯಾ ಮದುವೆಯಾದ ಹೊಸತರಲ್ಲಿ ಗಂಡನ್ನ ಕರ್ಕೊಂಡು ತವರಿಗೆ ಬಂದಿದ್ದಳು. ಗಂಡ ಚೈತನ್ಯ ಹಿರಿಯೂರಿನ ಕಡೆಯೋನು, ಹೈಸ್ಕೂಲಲ್ಲಿ ಪಿ.ಟಿ. ಮೇಷ್ಟ್ರು. ಒಳ್ಳೇ ಹುಡುಗ. ಮಾತು ಜಾಸ್ತಿ, ಕಪಟ ಕಮ್ಮಿ. ಅಂಥೋರಿಗೇ ಇಂಥವೆಲ್ಲ ಕಾಣಿಸ್ಕೊಳ್ಳೋದು.

ಆವತ್ತು ರಾತ್ರಿ ಊರಿನ ಆ ತುದೀಲಿರೋ ಚಿಕ್ಕವೆಂಕಟಮ್ಮನ ಮನೇಲಿ ಹೊಸ ಜೋಡಿಗೆ ಊಟ. ಮುಗಿಸಿ ಇಬ್ಬರೇ ನಡಕೊಂಡು ಬರ್ತಿದ್ದರು. ದಾರೀಲಿ ಹಳೇ ಸೇದೋ ಬಾವಿ. ಪಕ್ಕದಲ್ಲಿ ಆಲದ ಮರ. ಮರದ ಹಿಂದೆ ಕೆರೆ ಕಟ್ಟೆ. ಬೀದಿ ದೀಪ ಅಲ್ಲಿವರೆಗೂ ಬರಲ್ಲ. ತೂಬಿನೊಳಗೆ ನೀರು ಗುಳಕ್... ಗುಳಕ್ ಅಂತಿತ್ತು. ಚೈತನ್ಯನ ಚಪ್ಪಲಿ ಟಪ್ ಟಪ್ ಅಂತಿತ್ತು. ಬೇರೆ ಏನೂ ಇಲ್ಲ.

"ಭಾನು, ನಾಡಿದ್ದು ಊರಿಗೆ ಹೊರಡೋದು. ನಾಳೆ ಒಂದು ದಿನ ಖಾಲಿ ಇದೆ. ಬೈಕ್ ತಗೊಂಡು ಬೆಳಿಗ್ಗೇನೇ ಹೊರಟುಬಿಡಣ. ಚಿಕ್ಕಬಳ್ಳಾಪುರ, ಆ ನಂದಿ ಬೆಟ್ಟದ ಬುಡ, ಅಲ್ಲಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರು, ವಿದುರಾಶ್ವತ್ಥ..."

"ಮೆಲ್ಲಗೆ ಮಾತಾಡ್ರೀ."

"ಯಾಕೆ, ಮರದ ಮೇಲೆ ಯಾರಾದ್ರೂ ಮಲಗಿದಾರಾ?"

"ಇಲ್ಲಿ ನಿಂತು ಹೋಗೋ ದಾರಿ ಹೇಳಬಾರದು."

ಅವನಿಗೆ ನಗು. ಮೊಬೈಲ್ ತೆಗೆದು ಬೆಳಕು ಮಾಡಿ ಮ್ಯಾಪ್ ತೋರಿಸಿದ. "ಇಲ್ನೋಡು. ಈ ಕಟ್ಟೆ ಮೇಲೇನೆ ದಾರಿ ಇದೆ. ಸೂರ್ಯ ಹುಟ್ಟೋ ಹೊತ್ತಿಗೆ ಇಲ್ಲಿ ಬಂದ್ರೆ ನೀರೆಲ್ಲ ಕೆಂಪಗಿರುತ್ತೆ."

"ಕಟ್ಟೆ ಬೇಡ," ಅಂದಳು ಭಾನು. "ಡಾಂಬರು ರಸ್ತೇಲಿ ಹೋಗಣ."

"ಯಾಕೆ?"

ಅವಳು ಹೇಳಲಿಲ್ಲ. ಹೇಗೆ ಹೇಳ್ತಾಳೆ... ಹೇಳಿದರೆ ಮನೆ ಮುರಿಯುತ್ತೆ. ಭಾನುಗೆ ಒಬ್ಬಳು ಅಕ್ಕ ಇದ್ದಳು. ಅಮೃತ. ಅಂಥ ಒಬ್ಬಳು ಹುಟ್ಟಿದ್ದಳು ಅಂತಾನೇ ಗಂಡಿನ ಕಡೆಯೋರಿಗೆ ಗೊತ್ತಿಲ್ಲ.

ಅದನ್ನ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಭಾನು ತಾಯಿ ಅಕ್ಕಯ್ಯಮ್ಮನಿಗೆ ಒಬ್ಬ ತಮ್ಮ, ಮುರಳಿಮೋಹನ್. ಅಕ್ಕನ ಮನೇಲೇ ಠಿಕಾಣಿ. ರೇಷ್ಮೆ ಗೂಡು ಮಾರಿ ಬರ್ತೀನಿ ಅಂತ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದರೆ ಎರಡು ದಿನ ಬಿಟ್ಟು ಬರೋನು. ಚಿಂತಾಮಣೀಲಿ ಅವನದೊಂದು ಸಂಸಾರ ಇದೆ ಅಂತ ಊರಿಗೆಲ್ಲ ಗೊತ್ತು. ಅವನ ಅಕ್ಕನಿಗೆ ಮಾತ್ರ ಗೊತ್ತಿಲ್ಲ. ಗೊತ್ತಿಲ್ಲ ಅಂತ ಅವಳು ಹೇಳ್ತಾಳೆ, ನಾವು ನಂಬಬೇಕು. ಆ ಮುರಳಿಗೇ ಅಮೃತನ್ನ ಕೊಡೋದು ಅಂತ ಹುಟ್ಟಿದಾಗಲೇ ಮಾತಾಗಿತ್ತು. ನಮ್ಮ ಕಡೆ ಸೋದರಮಾವನಿಗೆ ಕೊಡೋದು ಹೊಸದೇನಲ್ಲ. ಆದರೆ ಅಮೃತ, ಮುರಳಿ ಮಾವನ್ನ ಕಟ್ಕೊಳ್ಳಲ್ಲ ಅಂದಳು. ಮೆಲ್ಲಗೆ ಹೇಳಿ ನೋಡಿದಳು, ಜೋರಾಗಿ ಹೇಳಿ ನೋಡಿದಳು, ಊಟ ಬಿಟ್ಟು ನೋಡಿದಳು. ಕೊನೆಗೆ ಒಂದು ಬೆಳಗಿನ ಜಾವ, ಇನ್ನೂ ಕತ್ತಲೆ, ಬಟ್ಟೆಬರೆ ಚೀಲಕ್ಕೆ ತುಂಬ್ಕೊಂಡು ಹೊಸ್ತಿಲು ದಾಟಿದಳು.

ಎರಡು ದಿನ ಆದಮೇಲೆ ಕೆರೇಲಿ ಸಿಕ್ಕಳು.

ಕಾಲು ಜಾರಿ ಬಿದ್ದಳು ಅಂದರು. ಬಟ್ಟೆ ಚೀಲ ಹೆಗಲಿಗೆ ಹಾಕ್ಕೊಂಡು ಕತ್ತಲೇಲಿ ಕೆರೆಗೆ ಯಾಕೆ ಇಳೀತಾಳೆ ಅಂತ ಯಾರೂ ಕೇಳಲಿಲ್ಲ. ಆಮೇಲೆ ಭಾನುಗೆ ಗಂಡು ಹುಡುಕೋವಾಗ ಈ ಕತೆ ಅಡ್ಡ ಬರುತ್ತೆ ಅಂತ ಗೋಡೆ ಮೇಲಿನ ಫೋಟೋ ಇಳಿಸಿದರು. "ನಮಗೆ ಒಬ್ಬಳೇ ಮಗಳು" ಅಂದರು. ಅಷ್ಟು ದೂರದ ಹಿರಿಯೂರಿನೋರಿಗೆ ಏನು ಗೊತ್ತಾಗುತ್ತೆ. ಊರೋರೂ ಮದುವೆಗೆ ಹೋಗಿ ಹೋಳಿಗೆ ಉಂಡು ಬಾಯಿ ಒರೆಸ್ಕೊಂಡು ಬಂದರು.

ಆ ಒಬ್ಬಳೇ ಮಗಳು ಈಗ ಆಲದ ಮರದ ಕೆಳಗೆ ಗಂಡನ ತೋಳು ಹಿಡಕೊಂಡು ನಿಂತಿದ್ದಳು.

"ಕಟ್ಟೆ ಮೇಲೆ ರಸ್ತೆ ಕೆಟ್ಟಿದೆ ರೀ, ಅದಕ್ಕೆ," ಅಂದಳು.

ಬಾವಿ ಒಳಗಡೆಯಿಂದ, ಬಿಂದಿಗೆ ಕಲ್ಲಿಗೆ ತಾಗಿದ ಹಾಗೆ, ಠಣ್ ಅಂತ ಒಂದು ಸದ್ದು. ಆ ಬಾವಿಗೆ ಹಗ್ಗ ಇಲ್ಲ, ಬಿಂದಿಗೆ ಇಳಿಬಿಟ್ಟು ಎಷ್ಟೋ ವರ್ಷ ಆಗಿದೆ.

"ಯಾರೋ ನೀರು ಸೇದ್ತಿದಾರೆ," ಅಂದ ಚೈತನ್ಯ.

ಭಾನು ಅವನ ಕೈ ಎಳ್ಕೊಂಡು ನಡೆದುಬಿಟ್ಟಳು.

ಮನೇಲಿ ಅವನು ಎಲ್ಲರನ್ನೂ ಕೂರಿಸ್ಕೊಂಡು ದಾರಿ ಕೇಳೋಕೆ ಶುರುಮಾಡಿದ. ನೋಡೋಕೆ ಚೆನ್ನಾಗಿರೋ ಜಾಗ ಯಾವುದು ಅಂತ. ವೆಂಕಟರಾಮಪ್ಪನ ಕಣ್ಣಿಗೆ ಚೆನ್ನಾಗಿರೋದು ಅಂದರೆ ನೀರು ಬಿದ್ದ ಬೋರ್‌ವೆಲ್ ಒಂದೇ. "ನಗರಗೆರೆ ಹತ್ರ ನಮ್ಮ ಆವಲಪ್ಪ ಬೋರ್ ಹಾಕ್ಸವ್ನೆ ಅಳೀಮಯ್ಯ, ನೀರು ತಾಳೆ ಮರದುದ್ದ ಎದ್ದೈತೆ, ಅದನ್ನ ನೋಡ್ಕೊಂಬನ್ನಿ," ಅಂದ. ಚೈತನ್ಯ ಅದನ್ನೂ ಗಂಭೀರವಾಗಿ ಕೇಳ್ಕೊಂಡ. ಪಕ್ಕದ ಹುಳುಮನೇಲಿ ರೇಷ್ಮೆ ಹುಳು ಸೊಪ್ಪು ಮೇಯ್ತಿದ್ದ ಸದ್ದು, ಸರಸರ ಸರಸರ, ಹೆಂಚಿನ ಮೇಲೆ ಸಣ್ಣ ಮಳೆ ಬಂದ ಹಾಗೆ ಕೇಳಿಸ್ತಿತ್ತು.

ಗಾಡಿ ಯಾವುದು ಅನ್ನೋ ಮಾತು ಬಂತು. ವೆಂಕಟರಾಮಪ್ಪನ ಟಿವಿಎಸ್‌ಗೆ ಸೊಪ್ಪಿನ ಹೊರೆ ಹೊತ್ತು ಬೆನ್ನು ಮುರಿದಿದೆ. ಇನ್ನೊಂದು ಗಾಡಿ ಇದ್ದದ್ದು ಮುರಳೀದು. ಕರೀ ಬೈಕು, ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಎರಡು ವರ್ಷದಿಂದ ಅವನು ಅದನ್ನ ಹತ್ತಿರಲಿಲ್ಲ. ಬಸ್ಸಲ್ಲೇ ಓಡಾಡೋನು.

"ಅದು ಸ್ಟಾರ್ಟ್ ಆಗಲ್ಲ ಅಕ್ಕ. ಬ್ಯಾಟ್ರಿ ಹೋಗಿದೆ," ಅಂದ ಮುರಳಿ.

"ರಿಪೇರಿ ಮಾಡ್ಸೋ," ಅಂದಳು ಅಕ್ಕಯ್ಯಮ್ಮ. "ಹೊಸ ಅಳಿಯ ಬಾಯಿಬಿಟ್ಟು ಕೇಳ್ತಾವ್ನೆ. ಊರಲ್ಲಿ ಬೇರೆಯೋರ ಮನೆಗೆ ಹೋಗಿ ಗಾಡಿ ಕೇಳಣ ಅಂತೀಯಾ? ನಮ್ಮ ಮರ್ಯಾದೆ ಏನಾಗಬೇಕು."

ಮರ್ಯಾದೆ ಅಂದರೆ ಅವಳಿಗೆ ಪ್ರಾಣ. ಮಕ್ಕಳಿಗಿಂತ ಒಂದು ಗುಲಗಂಜಿ ಮೇಲೆ.

ಮುರಳಿ ಹೋಗಿ ಟಾರ್ಪಾಲು ಎಳೆದ. ಕಿಕ್ ಹೊಡೆದ. ಹತ್ತಲ್ಲ ಅಂದುಕೊಂಡಿದ್ದೋನು... ಒಂದೇ ಏಟಿಗೆ ಬುಡುಬುಡು ಅಂತ ಹತ್ತಿಕೊಂಡಿತು. ಚೈತನ್ಯ ಚಪ್ಪಾಳೆ ಹೊಡೆದ. ಮುರಳಿ ಮಾತ್ರ ಕೈ ಸುಟ್ಟೋನ ಹಾಗೆ ಹಿಂದಕ್ಕೆ ಸರಿದ.

ಬೆಳಿಗ್ಗೆ ಹೊರಟರು. ನಮ್ಮಲ್ಲಿ ಹೊರಟು ನಿಂತೋರನ್ನ ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತೆ. ತೀರಾ ಕೇಳಲೇಬೇಕು ಅಂದರೆ "ದೂರ ಹೊರಟ್ರಾ" ಅಂತೀವಿ. ಅದಕ್ಕೆ ಅವರು "ಹೂಂ, ಇಲ್ಲೇ" ಅಂತಾರೆ. ಅಷ್ಟೇ. ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತು ಅಷ್ಟೂ ಕೇಳಲಿಲ್ಲ. ಸೆರಗು ಹೊದ್ದು ಸುಮ್ಮನೆ ನೋಡಿದಳು. ಯಾವ ಕಡೆ ತಿರುಗ್ತಾರೆ ಅಂತ ಕೇಳಿದ್ದರೆ ಚೈತನ್ಯ ಹೇಳಿರೋನು, ಅವಳು ಬೇಡ ಅಂದಿರೋಳು. ಯಾರೂ ಕೇಳಲಿಲ್ಲ. ಅವನು ಸೀದಾ ಕಟ್ಟೆಗೆ ತಿರುಗಿಸಿದ.

"ರೀ, ಡಾಂಬರು ರಸ್ತೆ ಅಂದಿದ್ದೆ."

"ಐದು ನಿಮಿಷ ಕಣೇ. ಆ ನೀರು ನೋಡು."

ಭಾನು ನೋಡಲಿಲ್ಲ, ಅವಳೇ ಆಮೇಲೆ ನನಗೆ ಹೇಳಿದ್ದು. ಹೆಲ್ಮೆಟ್ಟಿನೊಳಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕಟ್ಟೆ ಮೇಲೆ ತಂಗಾಳಿ. ಜೊಂಡಿನೊಳಗೆ ನೀರುಕೋಳಿ ಕ್ರೋಂ ಕ್ರೋಂ ಅಂತ ಕೂಗ್ತಿತ್ತು. ತೂಬಿನ ಹತ್ತಿರ ಬರುತ್ತಿದ್ದ ಹಾಗೆ ಕೋಳಿ ಕೂಗು ನಿಂತಿತು. ಗಾಡೀನೂ ನಿಂತಿತು.

ಗಂಡ ಯಾರ ಜೊತೆಗೋ ಮಾತಾಡ್ತಿದ್ದ. ಅವನ ಮಾತಷ್ಟೇ ಕೇಳಿಸ್ತಿತ್ತು.

"ಹಿಂಗೇ ಅಕ್ಕ, ಒಂದು ಸುತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ವಿದುರಾಶ್ವತ್ಥ..."

ಸ್ವಲ್ಪ ಹೊತ್ತು ಏನೂ ಇಲ್ಲ.

"ಜಾಗ ಇಲ್ಲವಲ್ಲ ಅಕ್ಕ."

ಮತ್ತೆ ಏನೂ ಇಲ್ಲ.

"ಓ... ಹಂಗಾ. ಸರಿ, ಕೂತ್ಕೊಳ್ಳಿ. ಭಾನು, ಒಂಚೂರು ಮುಂದಕ್ಕೆ ಸರಿಯೇ."

ಯಾರೋ ಊರೋರು ಹಾಲಿನ ಡೇರಿಗೆ ಹೋಗ್ತಿರಬೇಕು ಅಂತ ಭಾನು ಕಣ್ಣು ಬಿಡದೆಯೇ ಮುಂದಕ್ಕೆ ಸರಿದಳು. ಗಾಡಿ ಹಿಂದೆ ಕಿರ್‍ರ್... ಅಂತ ತಗ್ಗಿತು. ಬೆನ್ನಿಗೆ ತಣ್ಣಗೆ ತಾಗಿತು. ಒದ್ದೆ ಗೋಡೆಗೆ ಒರಗಿದ ಹಾಗೆ.

ಕಟ್ಟೆ ದಾಟಿದ ಮೇಲೆ ಕಣ್ಣು ಬಿಟ್ಟಳು. "ಯಾರು ಬಂದೋರು" ಅಂತ ತಿರುಗಿದಳು.

ಹಿಂದೆ ಯಾರೂ ಇಲ್ಲ.

ಇಳಿದುಬಿಟ್ಟರೇನೋ ಅಂದುಕೊಂಡಳು. ಎಲ್ಲಿ ಇಳಿದರು, ಗಾಡಿ ನಿಲ್ಲಲೇ ಇಲ್ಲವಲ್ಲ ಅಂತಾನೂ ಅಂದುಕೊಂಡಳು. ಅಷ್ಟರಲ್ಲಿ ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದಿದ್ದ ಅವಳ ಜಡೆ ಮೆಲ್ಲಗೆ ಬಿಗಿಯಾಯಿತು. ಯಾರೋ ತುದಿ ಹಿಡಿದ ಹಾಗೆ. ಹಂಪ್ ಬಂತು... ಜಡೆ ಇನ್ನೂ ಬಿಗಿಯಾಯಿತು. ಹಂಪ್ ದಾಟಿತು... ಸಡಿಲವಾಯಿತು.

ಚಿಕ್ಕ ವಯಸ್ಸಲ್ಲಿ ಸೈಕಲ್ಲಲ್ಲಿ ಇಸ್ಕೂಲಿಗೆ ಹೋಗೋವಾಗ ಭಾನು ತುಳಿಯೋಳು, ಅಮೃತ ಹಿಂದೆ ಕೂರೋಳು. ಸೊಂಟ ಹಿಡ್ಕೊಂಡರೆ ಭಾನುಗೆ ಕಚಗುಳಿ. ಅದಕ್ಕೆ ಅಮೃತ ತಂಗಿ ಜಡೆ ಹಿಡ್ಕೊಳ್ಳೋಳು, ಎತ್ತಿನ ಹಗ್ಗ ಹಿಡಿದ ಹಾಗೆ.

ದಾರಿಯುದ್ದಕ್ಕೂ ಚೈತನ್ಯ ತೋರಿಸ್ತಾ ಹೋದ. ದ್ರಾಕ್ಷಿ ಚಪ್ಪರ ನೋಡು, ಸೇವಂತಿಗೆ ಹೊಲ ನೋಡು, ಆ ಬಂಡೆ ಮೇಲೆ ಮೋಡ ಕೂತಿರೋದು ನೋಡು ಅಂತ. ಭಾನುಗೆ ಏನೂ ಕಾಣಲಿಲ್ಲ. ಜಡೆ ಒಂದೇ ಗೊತ್ತಾಗ್ತಿತ್ತು.

ಚಿಕ್ಕಬಳ್ಳಾಪುರದ ಹೊರಗಡೆ ಪೊಲೀಸು ಕೈ ಅಡ್ಡ ಹಾಕಿದ. ಹೊಟ್ಟೆ ಮುಂದೆ ಬಂದಿದ್ದ ವಯಸ್ಸಾದ ಪೇದೆ.

"ಏನಯ್ಯಾ, ಹೆಲ್ಮೆಟ್ ಎಲ್ಲ ಚೆನ್ನಾಗೇ ಹಾಕಿದೀಯ. ಲೆಕ್ಕ ಬರಲ್ವಾ? ಗಾಡಿ ಮೇಲೆ ಮೂರು ಜನ."

"ತಪ್ಪಾಯ್ತು ಸಾರ್. ಹಳ್ಳಿಯೋರು, ಬಸ್ ಇರಲಿಲ್ಲ," ಅಂದ ಚೈತನ್ಯ.

"ಹೆಣ್ಮಕ್ಳು ಇದ್ದಾರೆ ಅಂತ ಬಿಡ್ತಿದೀನಿ. ಹಿಂದೆ ಕೂತಿರೋ ಅಮ್ಮ, ನೀನು ಇಳೀಯಮ್ಮ. ಮುಂದಿನ ಸರ್ಕಲ್‌ವರೆಗೆ ನಡಕೊಂಡು ಬಾ, ಅಲ್ಲಿ ಹತ್ತಿಕೋ." ಬಗ್ಗಿ ನೋಡಿದ. "ಮೈಯೆಲ್ಲ ಯಾಕಮ್ಮ ಒದ್ದೆ?"

ಭಾನು ಮೆಲ್ಲಗೆ ಹಿಂದೆ ತಿರುಗಿದಳು. ಸೀಟು ಖಾಲಿ. ಪೇದೆ ಆ ಖಾಲಿ ಸೀಟನ್ನೇ ನೋಡ್ತಿದ್ದ. ಜಡೆ ಬಿಟ್ಟ ಹಾಗಾಯಿತು. ಗಾಡಿ ಕಿರ್‍ರ್ ಅಂತ ಮೇಲೆದ್ದಿತು.

ಸರ್ಕಲ್ಲಿನಲ್ಲಿ ಚೈತನ್ಯ ಗಾಡಿ ನಿಲ್ಲಿಸಿ ಕಾದ. ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ತಗ್ಗಿತು. ಆವಾಗ ಹೊರಟ.

ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಸಾಲು ದಾಟಿ, ನೆರಳಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಕೂತರು. ಚೈತನ್ಯ ಚುರುಮುರಿ ತಂದ, ಮೂರು ಪೊಟ್ಟಣ. ಒಂದನ್ನ ಭಾನುಗೆ ಕೊಟ್ಟ. ಇನ್ನೊಂದನ್ನ ಬೆಂಚಿನ ಆ ತುದೀಲಿ ಇಟ್ಟು, ಹೆಂಡತಿ ಕಡೆ ಬಗ್ಗಿ, ಪಿಸುಮಾತಲ್ಲಿ ಕೇಳಿದ.

"ನಿಮ್ಮಿಬ್ಬರಿಗೆ ಮಾತಿಲ್ವಾ?"

"ಯಾರಿಗೆ?"

"ನಾನು ಹೊಸಬ, ನಿಮ್ಮ ಮನೆ ಜಗಳದಲ್ಲಿ ಬಾಯಿ ಹಾಕಬಾರದು ಅಂತ ಬೆಳಿಗ್ಗೆಯಿಂದ ಸುಮ್ಮನಿದೀನಿ. ಆದ್ರೂ ಅಷ್ಟು ದೂರದಿಂದ ನಿನ್ನ ಜಡೆ ಹಿಡ್ಕೊಂಡು ಬಂದಿದಾರೆ. ಒಂದು ಮಾತಾಡಬಾರದಾ?" ಅಂದ. "ಮೂಗು ನೋಡಿದ್ರೇ ಗೊತ್ತಾಗುತ್ತೆ, ಹತ್ತಿರದ ನೆಂಟರು ಅಂತ. ಹೆಸರು ಕೇಳಿದೆ. ಅಮೃತ ಅಂದ್ರು."

ಭಾನು ಕೈಲಿದ್ದ ಪೊಟ್ಟಣ ಬಿತ್ತು. ಚುರುಮುರಿ ಚೆಲ್ಲಿತು. ಇವನಿಗೆ ಕಾಣ್ತಾಳೆ. ಪೇದೆಗೆ ಕಂಡಳು. ಯಾರು ಅವಳನ್ನ ಇಲ್ಲ ಅಂದರೋ, ಅವರಿಗೆ ಮಾತ್ರ ಕಾಣ್ತಿಲ್ಲ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಲ್ಲೇ, ಅಷ್ಟು ದೇವರ ಕಲ್ಲುಗಳ ಮುಂದೆ. ನಮ್ಮಕ್ಕ ಕಣ್ರೀ, ಅಷ್ಟೇ. ಆದರೆ ಅವಳ ಕಣ್ಣ ಮುಂದೆ ಏನು ಬಂತು ಅಂದರೆ ಅತ್ತೆ ಮನೆ. ಸುಳ್ಳು ಹೇಳಿ ಮದುವೆ ಮಾಡಿದರು ಅಂತ ವಾಪಸು ಕಳಿಸಿದರೆ? ಯಾವ ಮನೆಗೆ ಕಳಿಸ್ತಾರೆ... ಆ ಮನೆಗೇ ತಾನೇ. ಮುರಳಿ ಮಾವ ಇರೋ ಮನೆಗೆ.

"ಅಮೃತ ಅಂತ ನಮ್ಮಲ್ಲಿ ಯಾರೂ ಇಲ್ಲ ರೀ," ಅಂದಳು.

ಬೆಂಚಿನ ಆ ತುದೀಲಿದ್ದ ಪೊಟ್ಟಣದ ಕಾಗದ ಚರ್... ಅಂತ ಮುದುರಿಕೊಂಡಿತು. ಗಾಳಿ ಇರಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದರು. ಜಗುಲಿ ಮೇಲೆ ವೆಂಕಟರಾಮಪ್ಪ, ಮುರಳಿ. ಅಕ್ಕಯ್ಯಮ್ಮ ಕಾಫಿ ತಂದಳು. ಈ ಕಡೆ ಗೋಡೆ ಹತ್ತಿರ ನಾನು ಸೌದೆ ಎತ್ತಿಡ್ತಿದ್ದೆ. ಒಂದೊಂದೇ ಎತ್ತಿಡ್ತಿದ್ದೆ, ಬೇಗ ಮುಗಿದುಬಿಟ್ಟರೆ ಕಷ್ಟ.

"ಹೆಂಗಿತ್ತು ಅಳೀಮಯ್ಯ?" ಅಂದ ವೆಂಕಟರಾಮಪ್ಪ.

"ಚೆನ್ನಾಗಿತ್ತು ಮಾವ. ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ." ಚೈತನ್ಯ ಲೋಟ ಕೆಳಗಿಟ್ಟ. "ಅವರ ಮೇಲೆ ನಿಮಗೆಲ್ಲ ಏನು ಕೋಪಾನೋ ನನಗೆ ಗೊತ್ತಿಲ್ಲ. ಆದ್ರೆ ಮನೆ ಬಾಗಿಲಿಗೆ ಬಂದೋರನ್ನ ಹಿಂಗೆ ನಿಲ್ಲಿಸ್ಕೊಂಡು ನಾವು ಕಾಫಿ ಕುಡಿಯೋದು ಸರಿ ಕಾಣಲ್ಲ."

"ಯಾರನ್ನ?" ಅಂದಳು ಅಕ್ಕಯ್ಯಮ್ಮ.

"ಆ ಕಂಬದ ಹತ್ರ ನಿಂತಿದಾರಲ್ಲ, ಅಮೃತ ಅನ್ನೋರು. ಕಟ್ಟೆ ಮೇಲೆ ಹತ್ತಿದ್ರು. ಜಾಗ ಇಲ್ಲ ಅಂದ್ರೆ, ಈ ಗಾಡೀಲಿ ಮುಂಚೆನೂ ಕೂತಿದೀನಿ ಅಂದ್ರು. ಬಸ್ಸಿಗೆ ಬಿಡ್ತೀನಿ ಅಂತ ಹತ್ತಿಸ್ಕೊಂಡು ಮುರಳಿ ಮಾವ ಕಟ್ಟೆವರೆಗೆ ಮಾತ್ರ ಬಿಟ್ರಂತೆ."

ಎಲ್ಲರೂ ಕಂಬ ನೋಡಿದರು. ನಾನೂ ಸೌದೆ ಬಿಟ್ಟು ನೋಡಿದೆ. ಕಂಬ ಇತ್ತು. ಕಂಬದ ಬುಡದಲ್ಲಿ ನೆಲ ಒದ್ದೆಯಾಗಿತ್ತು. ಟಪ್... ಟಪ್... ಅಂತ ಹನಿ ಬೀಳೋ ಸದ್ದು. ಮೇಲೆ ಹೆಂಚು ಒಣಗಿ ಬೂದಿಯಾಗಿತ್ತು.

ಮುರಳಿ ಎದ್ದು ನಿಂತ. ಮತ್ತೆ ಕೂತ. ವೆಂಕಟರಾಮಪ್ಪನ ಬಾಯಿ ತೆರೆದಿತ್ತು, ಮುಚ್ಚೋಕೆ ಮರೆತಿದ್ದ.

ಅಕ್ಕಯ್ಯಮ್ಮನ ಗಟ್ಟಿತನ ನೋಡಬೇಕಿತ್ತು ನೀವು. ಮುಖದ ಒಂದು ಗೆರೆ ಅಲುಗಲಿಲ್ಲ. "ಓ, ಅವಳಾ," ಅಂದಳು. "ದೂರದ ನೆಂಟಳು ಅಳಿಯಂದ್ರೆ. ತಲೆ ಸರಿಯಿಲ್ಲ. ಬಾಯಿಗೆ ಬಂದದ್ದು ಹೇಳ್ತಾಳೆ. ನೀವು ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ ಬಡಿಸ್ತೀನಿ."

ಚೈತನ್ಯ ಕಂಬದ ಕಡೆ ನೋಡ್ತಾನೇ ಇದ್ದ. ಅವನ ಮುಖ ಸಣ್ಣಗಾಯಿತು.

"ಅತ್ತೆ... ಅವರು ಅಳ್ತಿದಾರೆ."

"ಅಳಲಿ ಬಿಡಿ," ಅಂದಳು ತಾಯಿ.

"ಒಳಗೆ ಹೋದ್ರು," ಅಂದ ಚೈತನ್ಯ. "ನಮ್ಮ ಬ್ಯಾಗ್ ಇಟ್ಟಿರೋ ರೂಮಿಗೆ."

ಆ ರಾತ್ರಿ ಭಾನು ಹಿತ್ತಲಲ್ಲಿ ತಾಯಿ ಎದುರು ನಿಂತಳು. ಮಾತೆಲ್ಲ ಪಿಸುಪಿಸು. ಹುಳುಮನೆಯ ಸರಸರ ಸದ್ದಲ್ಲಿ ಅರ್ಧ ಮುಳುಗಿಹೋಗ್ತಿತ್ತು. ಉಳಿದರ್ಧ ನನಗೆ ಸಾಕಾಗಿತ್ತು.

"ಅಮ್ಮ, ಅಕ್ಕ ಹೋದಾಗ ನೀನು ಎದ್ದಿದ್ದೆ."

"ಊರ್ಕೋ. ಸುಮ್ನಿರೇ."

"ಎದ್ದಿದ್ದೆ ತಾನೇ?"

"ಎದ್ದಿದ್ದೆ. ಬಾಗಿಲಲ್ಲೇ ಇದ್ದೆ."

"ಮಾವನ ಗಾಡಿ ಸದ್ದು?"

ಹುಳು ಮೇಯ್ತಾ ಇದ್ದವು.

"ಕೇಳಿಸ್ತು."

"ಎಲ್ಲಿಗೆ ಅಂತ ಕೇಳಲಿಲ್ವಾ ನೀನು?"

"ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದಲ್ಲಮ್ಮ," ಅಂದಳು ಅಕ್ಕಯ್ಯಮ್ಮ.

ಅಷ್ಟೇ ಅಂದಿದ್ದು. ಭಾನು ಆಮೇಲೆ ಬಾಯಿ ತೆರೀಲಿಲ್ಲ. ಹೆತ್ತೋಳಿಗೂ ಇಲ್ಲ, ಕಟ್ಕೊಂಡೋನಿಗೂ ಇಲ್ಲ.

ಕೋಳಿ ಕೂಗೋ ಮುಂಚೆ ಹಿತ್ತಲಲ್ಲಿ ಗಾಡಿ ತಳ್ಳಿದ ಸದ್ದು. ಸ್ಟಾರ್ಟ್ ಮಾಡಲಿಲ್ಲ. ಚೈನು ಮಾತ್ರ ಕಟಕಟ, ಕಟಕಟ ಅಂತ ಬೀದಿಯುದ್ದಕ್ಕೂ ಹೋಯಿತು. ಬೆಳಿಗ್ಗೆ ಗಾಡಿ ಕಟ್ಟೆ ಮೇಲೆ ಸ್ಟ್ಯಾಂಡ್ ಹಾಕಿ ನಿಂತಿತ್ತು, ಕೀ ಅದರಲ್ಲೇ ಇತ್ತು. ಮುರಳಿ ಇರಲಿಲ್ಲ. ಕೆರೇಲಿ ಬಲೆ ಹಾಕಿ ನೋಡಿದರು, ಸಿಗಲಿಲ್ಲ. ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಗಡ್ಡ ಬಿಟ್ಕೊಂಡು ಕೂತಿದ್ದ ಅಂತ ಒಬ್ಬರು ಹೇಳ್ತಾರೆ. ಚಿಂತಾಮಣಿಯವಳನ್ನ ಕೇಳಿದರೆ, ನನಗೆ ಅಂಥೋನು ಯಾರೂ ಗೊತ್ತಿಲ್ಲ ಅಂದಳಂತೆ. ಅವಳೂ ಕಲ್ತ್ಕೊಂಡಿದಾಳೆ.

ಆವತ್ತೇ ಗಂಡ ಹೆಂಡತಿ ಊರಿಗೆ ಹೊರಟರು. ನಾನು ರಸ್ತೆವರೆಗೆ ಹೋಗಿದ್ದೆ, ಬಸ್ ಹತ್ತಿಸೋಕೆ. ಭಾನು ಹತ್ತಿದಳು. ಚೈತನ್ಯ ಹತ್ತಲಿಲ್ಲ. ಬಾಗಿಲಿನ ಕಂಬಿ ಹಿಡಿದು ಪಕ್ಕಕ್ಕೆ ನಿಂತು, ಯಾರಿಗೋ ದಾರಿ ಬಿಟ್ಟ. ಆಮೇಲೆ ತಾನು ಹತ್ತಿದ.

ಈ ಸಲ ಗೌರಿ ಹಬ್ಬಕ್ಕೆ ಭಾನು ಒಬ್ಬಳೇ ಬಂದಳು. ಹಬ್ಬದ ಹಿಂದಿನ ದಿನ ತಾಯಿ, ಮಗಳು, ನಾನು ಮೂವರೂ ಅವರ ಪಡಸಾಲೇಲಿ ಕೂತು ಹೂ ಕಟ್ತಿದ್ದೆವು. ಅಕ್ಕಯ್ಯಮ್ಮನಿಗೆ ಫೋನ್ ಬಂತು. ಕೈ ತುಂಬ ಹೂವಿನ ನಾರು, ಅದಕ್ಕೆ ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ಚೈತನ್ಯನ ತಾಯಿ.

"ಭಾನು ಬಂದು ಸೇರಿದ್ಲಾ ಬೀಗರೇ?"

"ಹೂಂ, ಬಂದವ್ಳೆ."

"ಅಲ್ಲಾ, ನಿಮಗೆ ದೊಡ್ಡ ಮಗಳು ಇದಾಳೆ ಅಂತ ಒಂದು ಮಾತು ಹೇಳಲಿಲ್ಲವಲ್ಲ ನೀವು. ಮದುವೇಲೂ ತೋರಿಸಲಿಲ್ಲ. ಭಾನುನ ಕೇಳಿದ್ರೆ ಯಾರೋ ಅಂತಾಳೆ, ಒಂದು ತಟ್ಟೆ ಕೂಡ ಇಡಲ್ಲ ಅವಳಿಗೆ. ಇವಳೂ ಬಾಯಿ ಬಿಡಲ್ಲ, ಮೂಗು ನೋಡಿ ನಾವೇ ತಿಳ್ಕೊಂಡ್ವಿ. ಪಾಪದ ಹುಡುಗಿ, ಹೇಳದೇನೆ ಕೆಲಸ ಎಲ್ಲ ಮಾಡ್ತಾಳೆ. ಊಟ ಮಾತ್ರ ಸೇರಲ್ಲ. ತಂಗಿ ಜೊತೆ ಹಬ್ಬಕ್ಕೆ ಹೋಗಮ್ಮ ಅಂದ್ರೆ ತಲೆ ಅಲ್ಲಾಡಿಸಿದ್ಲು. ಎಷ್ಟು ದಿನ ಅಂತ ಇಟ್ಕೊಳ್ಳಲಿ? ನೀವಾದ್ರೂ ಹೇಳಿ ಬೀಗರೇ. ಇವಳು ನಿಮ್ಮ ಮಗಳೇ ತಾನೇ?"

ಆ ತಾಯಿ ಮಾತಾಡ್ತಿದ್ದಷ್ಟು ಹೊತ್ತೂ ಹಿಂದುಗಡೆ ಒಂದು ಸದ್ದು. ಮೊರದಲ್ಲಿ ಅಕ್ಕಿ ಕೇರೋ ಸದ್ದು. ಝಲ್... ಝಲ್... ಪಟ್. ಝಲ್... ಝಲ್... ಪಟ್.

ಅಕ್ಕಯ್ಯಮ್ಮ ಮಗಳನ್ನ ನೋಡಿದಳು. ಬಾಯಿ ಮೇಲೆ ಬೆರಳಿಟ್ಟಳು. ಇಲ್ಲ ಅನ್ನು ಅಂತ ಕೈ ಆಡಿಸಿದಳು.

ಭಾನು ಫೋನ್ ಎತ್ತಿಕೊಂಡಳು. ದನಿ ನಡುಗಲಿಲ್ಲ.

"ಅತ್ತೆ, ಅವಳು ನಮ್ಮಕ್ಕ. ನನ್ನ ಸ್ವಂತ ಅಕ್ಕ. ಕೆರೇಲಿ ಸತ್ತು ಮೂರು ವರ್ಷ ಆಗ್ತಾ ಬಂತು. ನಾವು ನಿಮಗೆ ಸುಳ್ಳು ಹೇಳಿದ್ವಿ."

ಮೊರದ ಸದ್ದು ನಿಂತಿತು.

ಅಕ್ಕಯ್ಯಮ್ಮ ನೆಲದ ಮೇಲಿನ ಹೂ ನೋಡ್ತಾ ಕೂತಳು. ಆಮೇಲೆ ಫೋನು ಕಟ್ಟಾಯಿತು.

ಹಬ್ಬ ಮುಗಿದು ತಿಂಗಳಾಗ್ತಾ ಬಂತು. ಭಾನು ಇನ್ನೂ ಇಲ್ಲೇ ಇದಾಳೆ. ಕರ್ಕೊಂಡು ಹೋಗೋಕೆ ಚೈತನ್ಯ ಬಂದಿಲ್ಲ. ಸುಳ್ಳು ಹೇಳಿದಷ್ಟು ದಿನ ಸಂಸಾರ ಚೆನ್ನಾಗಿತ್ತು, ನಿಜ ಹೇಳಿದ ದಿನ ಮುರೀತು. ಇದಕ್ಕೇನಂತೀರಿ. ತಾಯಿ ಮಗಳು ಒಂದೇ ಮನೇಲಿ ಇದಾರೆ, ಎರಡು ಒಲೆ ಹಚ್ತಾರೆ.

ಚೈತನ್ಯ ಮೊನ್ನೆ ಫೋನ್ ಮಾತ್ರ ಮಾಡಿದ್ದ. ಭಾನುನೇ ನನಗೆ ಹೇಳಿದಳು, ಗೋಡೆ ಹತ್ತಿರ ನಿಂತು. ಆವತ್ತು ಅವರಮ್ಮ ಫೋನ್ ಇಟ್ಟು ತಿರುಗಿ ನೋಡಿದಾಗ ಅಡಿಗೆಮನೇಲಿ ಯಾರೂ ಇರಲಿಲ್ಲವಂತೆ. ಮೊರ ನೆಲದ ಮೇಲಿತ್ತಂತೆ. ಅರ್ಧ ಅಕ್ಕಿ ಹಸನಾಗಿತ್ತು, ಕಲ್ಲೆಲ್ಲ ಆರಿಸಿ ಒಂದು ಮೂಲೇಲಿ ಗುಡ್ಡೆ ಮಾಡಿತ್ತು. ಇನ್ನರ್ಧ ಹಾಗೇ ಇತ್ತು.

ನಂಬದಿದ್ದರೆ ಬಿಡಿ. ಕೇರೋ ಸದ್ದು ನಾನು ನನ್ನ ಎರಡು ಕಿವೀಲೂ ಕೇಳಿದೀನಿ. ಆ ಮನೇಲಿ ಅತ್ತೆ, ಸೊಸೆ ಬಿಟ್ಟರೆ ಬೇರೆ ಹೆಂಗಸಿಲ್ಲ. ಅತ್ತೆ ಕೈಲಿ ಫೋನಿತ್ತು. ಸೊಸೆ ನಮ್ಮ ಎದುರಿಗೇ ಕೂತಿದ್ದಳು.